ಬಿಲ್ಲನ್ನು ಆರ್ಡರಿನಿಂದ ಭಾಗಿಸಿದಾಗ ಕಂಡದ್ದು: ಬೆಂಗಳೂರಿನ ಒಂದು ಕ್ಲೌಡ್ ವೆಚ್ಚದ ಪ್ರಕರಣ

ರಾತ್ರಿ 11ರೊಳಗೆ ಆರ್ಡರ್ ಕೊಟ್ಟರೆ ಬೆಳಿಗ್ಗೆ 7ರೊಳಗೆ ಹಾಲು, ಸೊಪ್ಪು, ತರಕಾರಿ, ಹೂವು ಬಾಗಿಲಿಗೆ ಬಂದು ನೇತಾಡುತ್ತಿರುತ್ತದೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಇದು ಈಗ ರೂಢಿ. ಈ ಪ್ರಕರಣ ಅಂಥ ಒಂದು ಸೇವೆಯ ಕ್ಲೌಡ್ ಬಿಲ್ಲಿನದು, ಅಂದರೆ ಬಾಡಿಗೆಗೆ ಪಡೆದ ಸರ್ವರುಗಳ ಬಿಲ್ಲಿನದು. ಸಂಸ್ಥೆಗೆ ಹೆಸರಿಲ್ಲ, ಏಕೆಂದರೆ ಇದು ಒಂದೇ ಸಂಸ್ಥೆಯ ದಾಖಲೆಯಲ್ಲ. ಇಂಥ ಸೇವೆಗಳಲ್ಲಿ ಮತ್ತೆ ಮತ್ತೆ ಕಾಣುವ ತಪ್ಪುಗಳನ್ನು ಒಂದೆಡೆ ಕೂಡಿಸಿ, ಲೆಕ್ಕ ಕೈಗೆ ಸಿಗುವಂತೆ ಕಟ್ಟಿದ ಮಾದರಿ ಪ್ರಕರಣ. ಆರ್ಡರು, ನೋಡು (node, ಬಾಡಿಗೆಯ ಒಂದೊಂದು ಸರ್ವರ್), ಮೊತ್ತಗಳ ಅಂಕಿಗಳು ಮಾದರಿಯವು. ಎಡಬ್ಲ್ಯುಎಸ್ (ಅಮೆಜಾನಿನ ಕ್ಲೌಡ್ ಸೇವೆ) ಮುಂಬೈ ರೀಜನ್ನಿನ ಘಟಕ ದರಗಳು ಮತ್ತು ತಂತ್ರಾಂಶಗಳ ನಡವಳಿಕೆ ಇದ್ದದ್ದು ಇದ್ದಂತೆ. ದರ ಬದಲಾಗುತ್ತಿರುತ್ತದೆ, ನಿಮ್ಮ ಲೆಕ್ಕಕ್ಕೆ ಬಳಸುವ ಮುನ್ನ ಬೆಲೆಪಟ್ಟಿ ತೆರೆದು ನೋಡಿ.

ಹಣಕಾಸು ವಿಭಾಗ ಡಿಸೆಂಬರ್ ಬಿಲ್ಲನ್ನು ಜುಲೈ ಬಿಲ್ಲಿನ ಪಕ್ಕ ಇಟ್ಟಾಗ ಪ್ರಶ್ನೆ ಎದ್ದಿತು. ಜುಲೈಯಲ್ಲಿ 18,000 ಡಾಲರ್, ಡಿಸೆಂಬರಿನಲ್ಲಿ 27,720. ತಂತ್ರಜ್ಞಾನ ತಂಡದ ಮೊದಲ ಉತ್ತರ ಎಲ್ಲೆಡೆ ಕೇಳಿಬರುವಂಥದ್ದೇ: ವ್ಯಾಪಾರ ಬೆಳೆದಿದೆ, ಬಿಲ್ಲೂ ಬೆಳೆದಿದೆ. ಇದನ್ನು ಪರೀಕ್ಷಿಸಲು ಒಂದು ಭಾಗಾಕಾರ ಸಾಕಾಯಿತು. ಜುಲೈಯಲ್ಲಿ 18 ಲಕ್ಷ ಆರ್ಡರು, ಡಿಸೆಂಬರಿನಲ್ಲಿ 19.8 ಲಕ್ಷ. ಸಾವಿರ ಆರ್ಡರಿಗೆ 10 ಡಾಲರ್ ಇದ್ದದ್ದು 14 ಆಗಿತ್ತು. ವ್ಯಾಪಾರ ಶೇ 10 ಬೆಳೆದಿದ್ದರೆ ಬಿಲ್ಲು ಶೇ 54 ಬೆಳೆದಿತ್ತು.

ಇಲ್ಲಿ ಒಂದು ಮಾತು. ಭಾರತದ ಗ್ರಾಹಕರಿಗೆ ಇನ್‌ವಾಯ್ಸ್ ರೂಪಾಯಿಯಲ್ಲಿ, ಶೇ 18 ಜಿಎಸ್‌ಟಿ ಸೇರಿ ಬರುತ್ತದೆ. ಬೆಲೆಪಟ್ಟಿ ಮಾತ್ರ ಡಾಲರಿನದು. ಡಾಲರ್ ಎರಡು ರೂಪಾಯಿ ಏರಿದರೆ ಯಾರೂ ಏನೂ ಮಾಡದೆ ಬಿಲ್ಲು ಏರುತ್ತದೆ. ಎಂಜಿನಿಯರುಗಳ ಗ್ರಾಫಿನಲ್ಲಿ ಈ ಏರಿಳಿತ ಬೆರೆತರೆ ಕಾರಣ ಹುಡುಕುವುದು ಕಷ್ಟ. ಅದಕ್ಕೇ ತಾಂತ್ರಿಕ ಅಳತೆಗಳೆಲ್ಲ ತೆರಿಗೆಯಿಲ್ಲದ ಡಾಲರಿನಲ್ಲಿ, ಬಜೆಟ್ಟು ರೂಪಾಯಿಯಲ್ಲಿ ಎಂದು ಮೊದಲೇ ಗೊತ್ತುಮಾಡಿಕೊಳ್ಳಲಾಯಿತು.

ಬಿಲ್ಲು ನಾಳೆ ಬರುತ್ತದೆ, ಮೀಟರು ಈಗಲೇ ಓಡುತ್ತಿದೆ

ಮೊದಲ ಅಡ್ಡಿ ಟ್ಯಾಗು, ಅಂದರೆ ಯಾವ ಸಂಪನ್ಮೂಲ ಯಾರದು ಎಂದು ಹೇಳುವ ಗುರುತಿನ ಚೀಟಿ. ಬಿಲ್ಲಿನ ಶೇ 38ರಷ್ಟು ಹಣ ಯಾವ ಸೇವೆಯದು ಎಂದು ಹೇಳಲು ಬರುತ್ತಿರಲಿಲ್ಲ. ತಂಡ, ಸೇವೆ, ಪರಿಸರ, ಹೊಣೆಗಾರ ಎಂಬ ನಾಲ್ಕೇ ಟ್ಯಾಗು ಇಟ್ಟುಕೊಂಡು, ಅವು ಇಲ್ಲದ ಸಂಪನ್ಮೂಲ ಸೃಷ್ಟಿಯಾಗದಂತೆ ಟೆರಾಫಾರ್ಮ್ (ಸಂಪನ್ಮೂಲಗಳನ್ನು ಕೋಡಿನಿಂದ ಸೃಷ್ಟಿಸುವ ಸಾಧನ) ಹಂತದಲ್ಲೇ ತಡೆಯಲಾಯಿತು. ಟ್ಯಾಗು ಹಚ್ಚಿದರಷ್ಟೇ ಸಾಲದು, ಬಿಲ್ಲಿಂಗ್ ಕನ್ಸೋಲಿನಲ್ಲಿ ಅದನ್ನು ಕಾಸ್ಟ್ ಅಲೊಕೇಶನ್ ಟ್ಯಾಗ್ ಎಂದು ಸಕ್ರಿಯಗೊಳಿಸಬೇಕು. ಇದನ್ನು ಮರೆತು ತಿಂಗಳುಗಟ್ಟಲೆ ಖಾಲಿ ವರದಿ ನೋಡಿದ ತಂಡಗಳಿವೆ. ಕುಬರ್ನೆಟೀಸ್ (ಸರ್ವರುಗಳ ಮೇಲೆ ಸೇವೆಗಳನ್ನು ಹಂಚಿ ಓಡಿಸುವ ತಂತ್ರಾಂಶ) ಇದ್ದಲ್ಲಿ ಇನ್ನೊಂದು ತೊಡಕು: ಒಂದು ನೋಡಿನಲ್ಲಿ ಹತ್ತು ಸೇವೆಗಳ ಪಾಡುಗಳು (pod, ಸೇವೆಯ ಒಂದೊಂದು ಓಡುವ ಪ್ರತಿ) ಕೂತಿರುತ್ತವೆ, ನೋಡಿನ ಟ್ಯಾಗು ಯಾರ ಲೆಕ್ಕಕ್ಕೂ ಸರಿಹೋಗದು. ಇದಕ್ಕೆ ಕಾಸ್ಟ್ ಅಂಡ್ ಯೂಸೇಜ್ ವರದಿಯಲ್ಲಿ ಇಕೆಎಸ್ (ಎಡಬ್ಲ್ಯುಎಸ್ ನಡೆಸುವ ಕುಬರ್ನೆಟೀಸ್ ಸೇವೆ) ವೆಚ್ಚವನ್ನು ಪಾಡುಗಳಿಗೆ ಹಂಚುವ ಆಯ್ಕೆ ಇದೆ, ಓಪನ್‌ಕಾಸ್ಟ್ ಕೂಡ ಅದೇ ಕೆಲಸ ಮಾಡುತ್ತದೆ.

ಎರಡನೇ ಅಡ್ಡಿ ಸಮಯ. ಬಿಲ್ಲಿನ ಅಂಕಿ ಅಂಶ ಬರುವುದಕ್ಕೆ 24 ಗಂಟೆವರೆಗೆ ಹಿಡಿಯುತ್ತದೆ. ರಾತ್ರಿ 10ಕ್ಕೆ ತಪ್ಪು ನಡೆದರೆ ಡಾಲರಿನ ಗ್ರಾಫ್ ಅದನ್ನು ಮಾರನೇ ದಿನ ತೋರಿಸುತ್ತದೆ, ಅಷ್ಟರಲ್ಲಿ ಹಣ ಹೋಗಿರುತ್ತದೆ. ಆದರೆ ಆ ಹಣವನ್ನು ಹುಟ್ಟಿಸುವ ಪ್ರಮಾಣಗಳು, ಅಂದರೆ ಓಡುತ್ತಿರುವ ನೋಡುಗಳ ಸಂಖ್ಯೆ, ನ್ಯಾಟ್ ಗೇಟ್‌ವೇ (ಒಳಗಿನ ಖಾಸಗಿ ಜಾಲದಿಂದ ಹೊರಹೋಗುವ ದ್ವಾರ) ದಾಟಿದ ಜಿಬಿ, ಲಾಗಿಗೆ (ಸೇವೆಗಳು ಬರೆಯುವ ದಿನಚರಿಗೆ) ಸುರಿದ ಜಿಬಿ, ಇವೆಲ್ಲ ಒಂದೆರಡು ನಿಮಿಷದಲ್ಲೇ ಮೆಟ್ರಿಕ್ಕಾಗಿ ಸಿಗುತ್ತವೆ. ಈ ಪ್ರಕರಣದಲ್ಲಿ ಹೆಚ್ಚು ಫಲ ಕೊಟ್ಟ ತೀರ್ಮಾನ ಇದೇ. ಗಂಟೆಗೊಮ್ಮೆ ಈ ಪ್ರಮಾಣಗಳನ್ನು ಘಟಕ ದರದಿಂದ ಗುಣಿಸಿ ಒಂದು ಅಂದಾಜು ಮೀಟರು ಕಟ್ಟಲಾಯಿತು. ಎಂ5.ಎಕ್ಸ್‌ಲಾರ್ಜ್ ನೋಡಿಗೆ ಗಂಟೆಗೆ 0.202 ಡಾಲರ್, ನ್ಯಾಟ್ ದಾಟುವ ಪ್ರತಿ ಜಿಬಿಗೆ 0.056, ಲಾಗು ಸಂಗ್ರಹಿಸುವ ಕ್ಲೌಡ್‌ವಾಚ್ ಲಾಗ್ಸ್‌ಗೆ ಸೇರುವ ಪ್ರತಿ ಜಿಬಿಗೆ 0.67. ಮಾರನೇ ದಿನ ನಿಜವಾದ ಬಿಲ್ಲಿನ ಜೊತೆ ತಾಳೆ ನೋಡುವುದು. ಅಂತರ ಶೇ 5 ಮೀರಿದರೆ ಮೀಟರಿನಲ್ಲಿ ಯಾವುದೋ ಪ್ರಮಾಣ ಬಿಟ್ಟುಹೋಗಿದೆ ಎಂದರ್ಥ, ಹುಡುಕಬೇಕು.

ಈ ಮೀಟರಿನ ಪಕ್ಕದಲ್ಲೇ, ಅದೇ ಪರದೆಯಲ್ಲಿ, ಕಾವಲಿಗೆ ಎರಡು ಗೆರೆ: ಆರ್ಡರ್ ಖಚಿತಪಡಿಸಲು ಆ್ಯಪ್ ಸರ್ವರಿಗೆ ಮಾಡುವ ಕರೆಯ ಪಿ99 ಲೇಟೆನ್ಸಿ (ನೂರರಲ್ಲಿ 99 ಕರೆಗಳಿಗೆ ಉತ್ತರ ಸಿಗುವ ಗರಿಷ್ಠ ಸಮಯ) 800 ಮಿಲಿಸೆಕೆಂಡಿನೊಳಗೆ, ವಿಫಲವಾದ ಕರೆಗಳು ಶೇ 0.1ರೊಳಗೆ. ಅಳೆಯುವುದು ದಿನದ ಸರಾಸರಿಯನ್ನಲ್ಲ, ರಾತ್ರಿ 10.30ರಿಂದ 11ರವರೆಗಿನ ಅರ್ಧ ಗಂಟೆಯನ್ನು. ದಿನದ ಆರ್ಡರುಗಳಲ್ಲಿ ದೊಡ್ಡ ಪಾಲು ಬೀಳುವುದೇ ಆಗ. ಊಟ ಮುಗಿಸಿ, ಪಾತ್ರೆ ತೊಳೆದು, ನಾಳೆಗೆ ಹಾಲಿಲ್ಲ ಎಂದು ನೆನಪಾಗುವ ಹೊತ್ತು ಅದು. ಆ ಅರ್ಧ ಗಂಟೆಯಲ್ಲಿ ಆ್ಯಪ್ ತಡವರಿಸಿದರೆ ಉಳಿಸಿದ ಡಾಲರಿಗೆ ಬೆಲೆಯಿಲ್ಲ.

ಕರ್ಚೀಫು ಹಾಕಿದ ಸೀಟುಗಳು

ಬಿಲ್ಲಿನ ಅತಿದೊಡ್ಡ ತುಂಡು ಕಂಪ್ಯೂಟ್, ಅಂದರೆ ಸರ್ವರುಗಳ ಬಾಡಿಗೆ: 70 ನೋಡು, ತಿಂಗಳಿಗೆ 730 ಗಂಟೆಯಂತೆ 10,322 ಡಾಲರ್. 70 ನೋಡೆಂದರೆ 280 ವಿಸಿಪಿಯು (ಬಾಡಿಗೆಯ ಪ್ರೊಸೆಸರ್ ಕೋರು). ಬಳಕೆಯ ಸರಾಸರಿ 39, ಅಂದರೆ ಶೇ 14. ಅತಿ ಬಿಸಿಯಾದ ನಿಮಿಷದಲ್ಲೂ 104 ದಾಟಿರಲಿಲ್ಲ. ಹಾಗಿದ್ದೂ ನೋಡುಗಳ ಸಂಖ್ಯೆಯನ್ನು ತಾನಾಗಿ ಏರಿಸಿ ಇಳಿಸಬೇಕಾದ ಕ್ಲಸ್ಟರ್ ಆಟೊಸ್ಕೇಲರ್ ಒಂದು ನೋಡನ್ನೂ ಇಳಿಸಿರಲಿಲ್ಲ. ಆಟೊಸ್ಕೇಲರ್ ಕೆಟ್ಟಿದೆ ಎಂದು ಎರಡು ದಿನ ಅದರ ಸೆಟ್ಟಿಂಗುಗಳನ್ನು ಜಾಲಾಡಿದ್ದಾಯಿತು. ಅದು ಕೆಟ್ಟಿರಲಿಲ್ಲ.

ಮೆಜೆಸ್ಟಿಕ್‌ನಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಸೀಟಿಗೆ ಕರ್ಚೀಫು ಹಾಕುತ್ತಾರಲ್ಲ, ಪಾಡಿನ ರಿಕ್ವೆಸ್ಟ್, ಅಂದರೆ ಅದು ಮೊದಲೇ ಕಾಯ್ದಿರಿಸುವ ಸಿಪಿಯು ಮತ್ತು ಮೆಮೊರಿ, ಅಂಥದ್ದು. ಕೂತವರು ಯಾರೂ ಇಲ್ಲ, ಆದರೂ ಸೀಟು ಖಾಲಿಯಲ್ಲ. ಕುಬರ್ನೆಟೀಸ್ ಷೆಡ್ಯೂಲರ್ (ಪಾಡು ಯಾವ ನೋಡಿಗೆ ಎಂದು ತೀರ್ಮಾನಿಸುವ ಭಾಗ) ನೋಡುವುದು ಕರ್ಚೀಫನ್ನು, ಕೂತವರನ್ನಲ್ಲ. ಕ್ಲಸ್ಟರ್ ಆಟೊಸ್ಕೇಲರ್ ಕೂಡ ಹಾಗೆಯೇ: ನೋಡಿನಲ್ಲಿರುವ ಪಾಡುಗಳ ರಿಕ್ವೆಸ್ಟುಗಳ ಮೊತ್ತ ನೋಡಿನ ಸಾಮರ್ಥ್ಯದ ಶೇ 50ಕ್ಕಿಂತ ಕೆಳಗಿದ್ದು, ಸುಮಾರು 10 ನಿಮಿಷ ಹಾಗೇ ಇದ್ದರೆ ಮಾತ್ರ ಆ ನೋಡು ಬೇಡವೆಂದು ಅದು ತೀರ್ಮಾನಿಸುವುದು. ಇಲ್ಲಿ ರಿಕ್ವೆಸ್ಟುಗಳ ಮೊತ್ತ 241 ವಿಸಿಪಿಯು, ಶೇ 86. ಅದರ ಕಣ್ಣಿಗೆ ಬಸ್ಸು ಭರ್ತಿ.

ಇಷ್ಟೊಂದು ಕರ್ಚೀಫು ಎಲ್ಲಿಂದ ಬಂದವು ಎಂದು ಗಿಟ್ ಇತಿಹಾಸದಲ್ಲಿ (ಕೋಡಿನ ಬದಲಾವಣೆಗಳ ದಾಖಲೆಯಲ್ಲಿ) ಹಿಂದೆ ಹೋದರೆ ಒಂದೇ ರಾತ್ರಿಗೆ ಹೋಗಿ ನಿಂತಿತು. ಆಗಸ್ಟ್, ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಗುರುವಾರ. ಶುಕ್ರವಾರ ಬೆಳಗಿನ ಪೂಜೆಗೆ ಹೂವು, ಬಾಳೆ ಕಂದು, ವೀಳ್ಯದೆಲೆ, ತೆಂಗಿನಕಾಯಿ ಎಲ್ಲ ಒಂದೇ ಗಂಟೆಯಲ್ಲಿ ಆರ್ಡರಾಗಿ ಸೇವೆ ಕುಸಿದಿತ್ತು. ಆನ್‌ಕಾಲ್‌ನಲ್ಲಿದ್ದವರು ಅವತ್ತು ಮಾಡಿದ್ದು ಸರಿಯೇ: 11 ಸೇವೆಗಳ ಕನಿಷ್ಠ ಪಾಡು ಸಂಖ್ಯೆಯನ್ನು 8ರಿಂದ 24ಕ್ಕೆ ಏರಿಸಿದರು, ದೋಷ ಹುಡುಕಲು ಡಿಬಗ್ ಲಾಗ್ (ಪ್ರತಿ ಹೆಜ್ಜೆಯನ್ನೂ ಬರೆಯುವ ಲಾಗು) ಹಚ್ಚಿದರು. ಹಬ್ಬ ಮುಗಿಯಿತು, ಎರಡನ್ನೂ ಯಾರೂ ಇಳಿಸಲಿಲ್ಲ. ಪಾಡುಗಳು ಹೆಚ್ಚಾದಂತೆ ಐಪಿ ವಿಳಾಸಗಳು ಸಾಲದಾದವು, ಏಕೆಂದರೆ ಇಕೆಎಸ್‌ನಲ್ಲಿ ಜಾಲ ಜೋಡಿಸುವ ಭಾಗವಾದ ವಿಪಿಸಿ ಸಿಎನ್‌ಐ ಪ್ರತಿ ಪಾಡಿಗೂ ಸಬ್‌ನೆಟ್ಟಿನಿಂದ (ಜಾಲದ ಒಂದು ತುಂಡಿನಿಂದ) ಒಂದು ಐಪಿ ಕೊಡುತ್ತದೆ. ಅಕ್ಟೋಬರಿನಲ್ಲಿ ಹೊಸ ಸಬ್‌ನೆಟ್ಟುಗಳನ್ನು ಸೇರಿಸಿದರು. ಅದರಿಂದ ಇನ್ನೊಂದು ಸೋರಿಕೆ ಶುರುವಾಯಿತು, ಅದು ಮುಂದೆ ಬರುತ್ತದೆ.

ಅಳತೆ ತಿದ್ದಿದ ಬಗೆಯನ್ನು ಕಾರ್ಟ್ ಸೇವೆಯಲ್ಲಿ ಹತ್ತಿರದಿಂದ ನೋಡಬಹುದು. 24 ಪಾಡು, ಪ್ರತಿಯೊಂದಕ್ಕೂ 1.5 ಕೋರ್ ರಿಕ್ವೆಸ್ಟ್, ಒಟ್ಟು 36 ಕೋರ್. ಹಗಲಿನಲ್ಲಿ ಎಲ್ಲ ಪಾಡು ಸೇರಿ ಬಳಸುತ್ತಿದ್ದದ್ದು 1.9 ಕೋರ್. ರಾತ್ರಿ 10.50ರ ಸುಮಾರಿಗೆ 14.4, ಅಂದರೆ ಪಾಡಿಗೆ 0.6. ಬಳಕೆ ನೋಡಿ ಪಾಡುಗಳ ಸಂಖ್ಯೆ ಏರಿಸಿ ಇಳಿಸುವ ಎಚ್‌ಪಿಎಯ ಗುರಿ ಶೇ 50 ಎಂದಿತ್ತು. ಈ ಶೇಕಡಾ ರಿಕ್ವೆಸ್ಟಿನ ಶೇಕಡಾ, ಯಂತ್ರದ್ದಲ್ಲ. 1.5ರ ಅರ್ಧ 0.75. ಬಳಕೆ 0.6 ದಾಟದೇ ಇದ್ದುದರಿಂದ ಎಚ್‌ಪಿಎ ಐದು ತಿಂಗಳು ಒಂದು ಪಾಡನ್ನೂ ಏರಿಸಿರಲಿಲ್ಲ, ಕನಿಷ್ಠ ಸಂಖ್ಯೆ 24 ಇದ್ದುದರಿಂದ ಇಳಿಸಿರಲೂ ಇಲ್ಲ. ಆಟೊಸ್ಕೇಲಿಂಗ್ ಇತ್ತು, ಆದರೆ ಕೈಕಾಲು ಕಟ್ಟಿಹಾಕಿ ಕೂರಿಸಿದ ಹಾಗೆ.

ಹೊಸ ರಿಕ್ವೆಸ್ಟನ್ನು 14 ದಿನಗಳ ದಟ್ಟಣೆಯ ಗಂಟೆಯಲ್ಲಿ ಪ್ರತಿ ಪಾಡಿನ ಬಳಕೆಯ ಪಿ95 (ನೂರರಲ್ಲಿ 95 ಅಳತೆಗಳು ದಾಟದ ಮಟ್ಟ) ತೆಗೆದು, ಅದಕ್ಕೆ ಕಾಲು ಭಾಗ ಕೂಡಿಸಿ ನಿಗದಿ ಮಾಡಲಾಯಿತು: 0.6ಕ್ಕೆ 0.15 ಸೇರಿ 0.75 ಕೋರ್. ಇಲ್ಲೇ ಬಹಳ ಜನ ಎಡವುತ್ತಾರೆ. ರಿಕ್ವೆಸ್ಟ್ ಇಳಿಸಿ ಗುರಿಯನ್ನು ಶೇ 50ರಲ್ಲೇ ಬಿಟ್ಟರೆ ಮಿತಿ ಪಾಡಿಗೆ 0.375 ಕೋರಿಗೆ ಇಳಿಯುತ್ತದೆ, 14.4 ಕೋರಿನ ದಟ್ಟಣೆಗೆ ಎಚ್‌ಪಿಎ 39 ಪಾಡು ಎಬ್ಬಿಸುತ್ತದೆ. ಗುರಿಯನ್ನು ಶೇ 70ಕ್ಕೆ ಏರಿಸಿದರೆ 28 ಪಾಡು, 21 ಕೋರ್. ಹಗಲಿಗೆ ಕನಿಷ್ಠ 6 ಪಾಡು, 4.5 ಕೋರ್. 36 ಕೋರ್ ಇಡೀ ದಿನ ಹಿಡಿದಿದ್ದ ಸೇವೆಯ ಹೊಸ ಅಳತೆ ಇದು.

ಅಳೆಯುವ ಅವಧಿಯ ಬಗ್ಗೆ ಒಂದು ಎಚ್ಚರಿಕೆ. ಇಸಿ2ರ (ಎಡಬ್ಲ್ಯುಎಸ್ ಬಾಡಿಗೆ ಕೊಡುವ ಸರ್ವರುಗಳ) ಸಾಧಾರಣ ಮಾನಿಟರಿಂಗ್ 5 ನಿಮಿಷಕ್ಕೊಂದು ಅಂಕಿ ಕೊಡುತ್ತದೆ. 10.58ಕ್ಕೆ ಏಳುವ 40 ಸೆಕೆಂಡಿನ ಅಲೆ ಆ ಸರಾಸರಿಯಲ್ಲಿ ಕಾಣದೇ ಹೋಗುತ್ತದೆ. ಮೆಮೊರಿಯಂತೂ ಇಸಿ2ರ ಮೂಲ ಮೆಟ್ರಿಕ್ಕುಗಳಲ್ಲಿ ಇಲ್ಲವೇ ಇಲ್ಲ, ಯಂತ್ರದೊಳಗೆ ಏಜೆಂಟ್ ಹಾಕಿದರೆ ಮಾತ್ರ ಸಿಗುತ್ತದೆ. ಸಿಪಿಯು ಒಂದನ್ನೇ ನೋಡಿ ಇನ್‌ಸ್ಟನ್ಸ್ (ಬಾಡಿಗೆಯ ಸರ್ವರ್) ಚಿಕ್ಕದು ಮಾಡಿದವರು ಮೆಮೊರಿ ಸಾಲದೆ ಪ್ರೊಸೆಸ್ ಸಾಯುವುದನ್ನು ಆಮೇಲೆ ನೋಡುತ್ತಾರೆ. ಈ ಕ್ಲಸ್ಟರಿನಲ್ಲಿ ಪ್ರೊಮಿಥಿಯಸ್ 15 ಸೆಕೆಂಡಿಗೊಮ್ಮೆ ಪಾಡಿನ ಎರಡೂ ಅಳತೆ ತೆಗೆಯುತ್ತಿತ್ತು, ಅದನ್ನೇ ಆಧಾರ ಮಾಡಿಕೊಳ್ಳಲಾಯಿತು.

ಇನ್ನು ವೇಗದ ಪ್ರಶ್ನೆ. ಹೊಸ ನೋಡು ಏಳಲು, ಇಮೇಜ್ (ಸೇವೆಯ ತಂತ್ರಾಂಶದ ಕಟ್ಟು) ಇಳಿಸಿಕೊಳ್ಳಲು, ಪಾಡು ಸಿದ್ಧವಾಗಲು ಒಟ್ಟು 3ರಿಂದ 4 ನಿಮಿಷ ಬೇಕಾಗುತ್ತಿತ್ತು. 10.45ರ ಏರು ಅಷ್ಟು ಹೊತ್ತು ಕಾಯುವುದಿಲ್ಲ. ದಟ್ಟಣೆ ಯಾವಾಗ ಎಂದು ಗಡಿಯಾರಕ್ಕೇ ಗೊತ್ತಿರುವಾಗ ಮೆಟ್ರಿಕ್ ಏರಲಿ ಎಂದು ಕಾಯುವುದರಲ್ಲಿ ಅರ್ಥವಿಲ್ಲ. ಗಡಿಯಾರ ನೋಡಿ ಪಾಡು ಏರಿಸುವ ಕೇಡಾದ (KEDA) ಕ್ರಾನ್ ಸ್ಕೇಲರ್ ಬಳಸಿ ರಾತ್ರಿ 9.45ಕ್ಕೆ ಕಾರ್ಟ್ ಸೇವೆಯನ್ನು 22 ಪಾಡಿಗೆ ತಂದು, 11.20ಕ್ಕೆ ಬಿಟ್ಟುಬಿಡುವ ಏರ್ಪಾಡಾಯಿತು. ಮಿಕ್ಕ ಆರು ಪಾಡು ಎಚ್‌ಪಿಎ ಪಾಲಿಗೆ.

ಹನ್ನೊಂದೂ ಸೇವೆ ಮುಗಿದ ಮೇಲೆ ಹಗಲಿಗೆ 26 ನೋಡು, ಬೆಳಗಿನ ಡೆಲಿವರಿಯ ನಾಲ್ಕು ಗಂಟೆಗೆ 34, ರಾತ್ರಿಯ ಎರಡು ಗಂಟೆಗೆ 48. ಇಡೀ ದಿನದ ಸರಾಸರಿ 29ಕ್ಕೆ ಸ್ವಲ್ಪ ಮೇಲೆ. ತಿಂಗಳಿಗೆ 4,301 ಡಾಲರ್. ಉಳಿದದ್ದು 6,021.

ಇಳಿಸಿದ್ದೇ ಏರಿಸಿದ ಒಂದು ದಿನ

ಬದಲಾವಣೆಗೆ ನಿಯಮವಿತ್ತು: ದಿನಕ್ಕೆ ಒಂದೇ ಸೇವೆ, ಸೋಮವಾರದಿಂದ ಬುಧವಾರದವರೆಗೆ ಮಾತ್ರ. ಆ ನಿಯಮ ಇಲ್ಲದಿದ್ದರೆ ಮುಂದಿನ ತಪ್ಪು ಪತ್ತೆಯಾಗಲು ವಾರ ಹಿಡಿಯುತ್ತಿತ್ತು.

ಡೆಲಿವರಿ ಹುಡುಗರಿಗೆ ಮಾರ್ಗ ಲೆಕ್ಕಹಾಕುವ ಸೇವೆ ಜಾವಾದ್ದು. ಮೆಮೊರಿ ಮಿತಿ 3 ಜಿಬಿ, ಗರಿಷ್ಠ ಬಳಕೆ 1.1 ಜಿಬಿ. ಸೂತ್ರದ ಪ್ರಕಾರ ಗರಿಷ್ಠಕ್ಕೆ ಕಾಲು ಭಾಗ ಸೇರಿಸಿ, ಮೇಲಕ್ಕೆ ಸರಿಹೊಂದಿಸಿ 1.5 ಜಿಬಿ ಮಾಡಿದರು. ಅಂದು ರಾತ್ರಿ ಸೇವೆ ಸಾಯಲಿಲ್ಲ. ಆದರೆ ಪಿ99 420 ಮಿಲಿಸೆಕೆಂಡಿನಿಂದ 1.6 ಸೆಕೆಂಡಿಗೆ ಹಾರಿತು, ಸಿಪಿಯು ದುಪ್ಪಟ್ಟಾಯಿತು, ಸಿಪಿಯು ಏರಿದ್ದು ಕಂಡ ಎಚ್‌ಪಿಎ ಪಾಡುಗಳನ್ನು ಸೇರಿಸುತ್ತಾ ಹೋಯಿತು. ಮೆಮೊರಿ ಅರ್ಧವಾದರೂ ಅಂದು ರಾತ್ರಿ ಆ ಸೇವೆಯ ಖರ್ಚು ಹಿಂದಿಗಿಂತ ಹೆಚ್ಚು.

ಕಾರಣ ಎರಡು, ಎರಡೂ ಜೆವಿಎಂನ (ಜಾವಾ ಓಡಿಸುವ ತಂತ್ರಾಂಶದ) ಪೂರ್ವನಿಗದಿಗಳು. ಬೇರೇನೂ ಹೇಳದಿದ್ದರೆ ಜೆವಿಎಂ ಕಂಟೇನರ್ (ಪಾಡಿನೊಳಗೆ ಸೇವೆ ಓಡುವ ಡಬ್ಬಿ) ಮೆಮೊರಿಯ ಶೇ 25ರಷ್ಟನ್ನು ಮಾತ್ರ ಹೀಪಿಗೆ (ಪ್ರೋಗ್ರಾಮಿನ ದತ್ತಾಂಶ ಇಡುವ ಜಾಗಕ್ಕೆ) ಎತ್ತಿಕೊಳ್ಳುತ್ತದೆ. 3 ಜಿಬಿ ಇದ್ದಾಗ ಹೀಪು 768 ಎಂಬಿ, 1.5 ಜಿಬಿಯಲ್ಲಿ 384 ಎಂಬಿ. ಬಳಕೆ 1.1 ಜಿಬಿಯಲ್ಲಿ ನಿಂತಿದ್ದದ್ದು ಅಷ್ಟೇ ಬೇಕಿತ್ತು ಎಂದಲ್ಲ, ಹೀಪು ಅಲ್ಲಿಗೆ ಮುಗಿದಿತ್ತು ಎಂದು. ಎರಡನೆಯದು ಇನ್ನೂ ಸುಲಭವಾಗಿ ಕಣ್ತಪ್ಪುವಂಥದ್ದು: ಮೆಮೊರಿ 1,792 ಎಂಬಿಗಿಂತ ಕಡಿಮೆ, ಇಲ್ಲವೇ ಪ್ರೊಸೆಸರ್ ಎರಡಕ್ಕಿಂತ ಕಡಿಮೆ ಕಂಡರೆ ಜೆವಿಎಂ ಇದು ಸರ್ವರ್ ಯಂತ್ರವಲ್ಲ ಎಂದುಕೊಂಡು ಬಳಸಿ ಬಿಟ್ಟ ಮೆಮೊರಿಯ ಕಸ ಬಳಿಯಲು ಜಿ1 ಬಿಟ್ಟು ಸೀರಿಯಲ್ ಕಲೆಕ್ಟರ್ ಆರಿಸಿಕೊಳ್ಳುತ್ತದೆ. ಚಿಕ್ಕ ಹೀಪು, ಒಂಟಿ ಥ್ರೆಡ್ಡಿನಲ್ಲಿ ಕಸ ಬಳಿಯುವ ಕೆಲಸ, ಪ್ರತಿ ಬಾರಿಯೂ ಇಡೀ ಪ್ರೊಸೆಸ್ ನಿಂತು ಕಾಯಬೇಕು.

ಪರಿಹಾರ ಎರಡು ಸಾಲು. ಹೀಪನ್ನು ಶೇ 60 ಎಂದು ಸ್ಪಷ್ಟವಾಗಿ ಕೊಟ್ಟದ್ದು, ಅಂದರೆ ಸುಮಾರು 920 ಎಂಬಿ, ಹೊರಗಿನ ಬಳಕೆಗೆ 600 ಎಂಬಿ ಮಿಗುತ್ತದೆ. ಜಿ1 ಬೇಕೆಂದು ಹೆಸರಿಸಿ ಹೇಳಿದ್ದು. ಮಾರನೇ ರಾತ್ರಿ ಪಿ99 390ಕ್ಕೆ ಬಂದಿತು, ಅದೂ ಅರ್ಧ ಮೆಮೊರಿಯಲ್ಲಿ. ಇದಾದ ಮೇಲೆ ಜಾವಾ ಸೇವೆಗಳಿಗೆ ಕಂಟೇನರ್ ಮೆಮೊರಿಯ ಬದಲು ಕಸ ಬಳಿದ ನಂತರ ಹೀಪಿನಲ್ಲಿ ಉಳಿಯುವ ಪ್ರಮಾಣವನ್ನು ಅಳತೆಗೋಲು ಮಾಡಿಕೊಂಡರು. ನಿಜವಾದ ಅಗತ್ಯ ಹೇಳುವುದು ಅದೊಂದೇ.

ಇದೇ ಹೊತ್ತಿಗೆ ಎಲ್ಲ ಸೇವೆಗಳ ಸಿಪಿಯು ಲಿಮಿಟ್ (ಬಳಕೆಯ ಮೇಲ್ಮಿತಿ) ತೆಗೆದು ರಿಕ್ವೆಸ್ಟ್ ಮಾತ್ರ ಉಳಿಸಲಾಯಿತು. ಲಿನಕ್ಸ್ ಸಿಪಿಯು ಲಿಮಿಟನ್ನು 100 ಮಿಲಿಸೆಕೆಂಡಿನ ಕಂತುಗಳಲ್ಲಿ ಜಾರಿಮಾಡುತ್ತದೆ. ಪಾಲು 30 ಮಿಲಿಸೆಕೆಂಡಿಗೆ ಮುಗಿದರೆ ಉಳಿದ 70 ಮಿಲಿಸೆಕೆಂಡು, ನೋಡು ಖಾಲಿಯಿದ್ದರೂ, ಪಾಡು ಸುಮ್ಮನೆ ಕೂರಬೇಕು. ಸರಾಸರಿ ಸಿಪಿಯು ತಣ್ಣಗಿದ್ದೂ ಪಿ99 ಕೆಟ್ಟಿದ್ದರೆ ಮೊದಲು ನೋಡಬೇಕಾದದ್ದು ಈ ಥ್ರಾಟ್ಲಿಂಗ್ ಎಣಿಕೆಯನ್ನು. ಮೆಮೊರಿ ಲಿಮಿಟ್ ಮಾತ್ರ ತೆಗೆಯಬಾರದು, ತೆಗೆದರೆ ಮಿತಿಮೀರಿದ ಪಾಡು ಪಕ್ಕದ ಪಾಡನ್ನೂ ಕೊಲ್ಲುತ್ತದೆ.

ಬಾಗಿಲ ಫೋಟೋಗಳು ಹೋದ ದಾರಿ

ನ್ಯಾಟ್ ಗೇಟ್‌ವೇಯ ಸಾಲು ಜುಲೈ ಬಿಲ್ಲಿನಲ್ಲಿ ಕಣ್ಣಿಗೆ ಬೀಳದಷ್ಟು ಸಣ್ಣದು. ಡಿಸೆಂಬರಿನಲ್ಲಿ 45 ಟಿಬಿ, 2,520 ಡಾಲರ್. ಸಾವಿರ ಆರ್ಡರಿಗೆ ಎಷ್ಟು ಜಿಬಿ ಎಂದು ಗ್ರಾಫ್ ಹಾಕಿದರೆ ಅಕ್ಟೋಬರಿನ ಒಂದು ಮಂಗಳವಾರ ಮೆಟ್ಟಿಲಿನಂತೆ ಏರಿದೆ. ನಿಧಾನ ಏರಿದ್ದರೆ ಬಳಕೆ ಬೆಳೆದಿದೆ ಎನ್ನಬಹುದು. ಮೆಟ್ಟಿಲು ಕಂಡರೆ ಅವತ್ತು ಯಾರೋ ಏನೋ ಬದಲಿಸಿದ್ದಾರೆ. ಬದಲಿಸಿದ್ದು ಹೊಸ ಸಬ್‌ನೆಟ್ಟುಗಳು.

ಪ್ರತಿ ಡೆಲಿವರಿಗೂ ಚೀಲ ಬಾಗಿಲಿಗೆ ನೇತುಹಾಕಿದ ಒಂದು ಫೋಟೋ ಎಸ್3ಗೆ (ಎಡಬ್ಲ್ಯುಎಸ್‌ನ ಕಡತ ಸಂಗ್ರಹಕ್ಕೆ) ಹೋಗುತ್ತದೆ. ಅದನ್ನು ಓದಿ ಮೂರು ಅಳತೆಗೆ ಕುಗ್ಗಿಸಿ ಮತ್ತೆ ಎಸ್3ಗೆ ಬರೆಯುವ ಕೆಲಸ ಖಾಸಗಿ ಸಬ್‌ನೆಟ್ಟಿನಲ್ಲಿ ನಡೆಯುತ್ತದೆ. ಹಳೆಯ ಸಬ್‌ನೆಟ್ಟುಗಳ ರೂಟ್ ಟೇಬಲ್ಲಿಗೆ (ದತ್ತಾಂಶ ಯಾವ ದಾರಿಯಲ್ಲಿ ಹೋಗಬೇಕು ಎಂಬ ಪಟ್ಟಿಗೆ) ಎಸ್3 ಗೇಟ್‌ವೇ ಎಂಡ್‌ಪಾಯಿಂಟ್, ಅಂದರೆ ಎಸ್3ಗೆ ನೇರ ಒಳದಾರಿ, ಜೋಡಿಸಿತ್ತು, ಅದಕ್ಕೆ ಶುಲ್ಕವೇ ಇಲ್ಲ. ಹೊಸ ರೂಟ್ ಟೇಬಲ್ಲಿಗೆ ಅದು ತಾನಾಗಿ ಬರುವುದಿಲ್ಲ, ಕೈಯಾರೆ ಸೇರಿಸಬೇಕು. ಸೇರಿಸಿರಲಿಲ್ಲ. ಫೋಟೋಗಳೆಲ್ಲ ನ್ಯಾಟ್ ಹಾದು, ಪ್ರತಿ ಜಿಬಿಗೆ 0.056 ಡಾಲರ್ ಸುಂಕ ಕಟ್ಟಿ, ಅದೇ ರೀಜನ್ನಿನ ಎಸ್3ಗೆ ಹೋಗುತ್ತಿದ್ದವು. ಕಂಟೇನರ್ ಇಮೇಜುಗಳದೂ ಅದೇ ದಾರಿ, ಏಕೆಂದರೆ ಆ ಇಮೇಜುಗಳ ಭಂಡಾರವಾದ ಇಸಿಆರ್ ತನ್ನ ಪದರಗಳನ್ನು ಇಡುವುದು ಎಸ್3ಯಲ್ಲೇ. ಫ್ಲೋ ಲಾಗ್ಸ್‌ನಲ್ಲಿ (ಜಾಲದ ಓಡಾಟದ ದಾಖಲೆಯಲ್ಲಿ) ಗುರಿ ವಿಳಾಸದ ಪ್ರಕಾರ ಬೈಟುಗಳನ್ನು ಕೂಡಿದಾಗ 45ರಲ್ಲಿ 31 ಟಿಬಿ ಎಸ್3ಗೆ ಹೋದದ್ದು ಎಂದು ತಿಳಿಯಿತು.

ಸರಿಪಡಿಸುವುದು ಒಂದು ಸಾಲಿನ ಬದಲಾವಣೆ, ಆದರೆ ಎರಡು ಮುಳ್ಳುಗಳಿವೆ. ರೂಟ್ ಸೇರಿಸಿದ ಕ್ಷಣ ಎಸ್3 ಜೊತೆಗಿನ ತೆರೆದ ಟಿಸಿಪಿ ಸಂಪರ್ಕಗಳು ಕಡಿದುಹೋಗುತ್ತವೆ, ಅದಕ್ಕೇ ಮಧ್ಯಾಹ್ನ 3ರ ಸುಮಾರಿಗೆ ಮಾಡಬೇಕು. ಎರಡನೆಯ ಮುಳ್ಳು ಇಲ್ಲಿ ಚುಚ್ಚಿಯೇಬಿಟ್ಟಿತು. ಎಂಡ್‌ಪಾಯಿಂಟ್ ಮೂಲಕ ಹೋದಾಗ ಎಸ್3ಗೆ ಕಾಣುವುದು ನ್ಯಾಟ್‌ನ ಸಾರ್ವಜನಿಕ ಐಪಿಯಲ್ಲ, ಖಾಸಗಿ ಐಪಿ. ಎಸ್3ಯ ಒಂದು ಬಕೆಟ್ಟಿನ (ಕಡತಗಳ ಕಣಜದ) ಪಾಲಿಸಿಯಲ್ಲಿ ಅಕ್ಟೋಬರಿನ ನಂತರ ಯಾರೋ ನ್ಯಾಟ್ ಐಪಿಗೆ ಮಾತ್ರ ಅನುಮತಿ ಎಂದು ಬರೆದಿದ್ದರು. ರೂಟ್ ಬದಲಾದ ಕೂಡಲೇ ಆ ಬಕೆಟ್ಟಿಗೆ ಹೋದ ಕರೆಗಳಿಗೆಲ್ಲ 403, ಅಂದರೆ ಅನುಮತಿ ಇಲ್ಲ ಎಂಬ ಉತ್ತರ. ಪಾಲಿಸಿಯನ್ನು ಐಪಿ ಬದಲು ಎಂಡ್‌ಪಾಯಿಂಟಿನ ಗುರುತಿಗೆ ಕಟ್ಟಿದ ಮೇಲೆ ಸರಿಹೋಯಿತು. ರೂಟ್ ಮುಟ್ಟುವ ಮೊದಲು ಎಲ್ಲ ಬಕೆಟ್ ಪಾಲಿಸಿಗಳಲ್ಲಿ ಐಪಿ ನಿಬಂಧನೆ ಇದೆಯೇ ಎಂದು ಹುಡುಕುವುದಕ್ಕೆ ಹತ್ತು ನಿಮಿಷ ಸಾಕು. ಉಳಿದದ್ದು ತಿಂಗಳಿಗೆ 1,736 ಡಾಲರ್.

ಲಾಗು, ಡಿಸ್ಕು, ಸ್ಟೇಜಿಂಗು

ಹಬ್ಬದ ರಾತ್ರಿ ಹಚ್ಚಿದ ಡಿಬಗ್ ಲಾಗು ತಿಂಗಳಿಗೆ 3,000 ಜಿಬಿ ಸುರಿಯುತ್ತಿತ್ತು, 2,010 ಡಾಲರ್. ತಂಡ ಮೊದಲು ಮಾಡಿದ್ದು ಲಾಗು ಉಳಿಸಿಕೊಳ್ಳುವ ಅವಧಿಯನ್ನು 90 ದಿನದಿಂದ 14ಕ್ಕೆ ಇಳಿಸಿದ್ದು. ಬಿಲ್ಲು ಅಲುಗಲೇ ಇಲ್ಲ. ಕ್ಲೌಡ್‌ವಾಚ್ ಲಾಗ್ಸ್‌ನಲ್ಲಿ ಹಣ ಹೋಗುವುದು ಹೆಚ್ಚಾಗಿ ಒಳಗೆ ತೆಗೆದುಕೊಳ್ಳುವಾಗ, ಇಟ್ಟುಕೊಳ್ಳುವುದಕ್ಕೆ ಅದರ ಸಣ್ಣ ಪಾಲು ಮಾತ್ರ. ಬಾಗಿಲಲ್ಲೇ ತಡೆಯಬೇಕು. ಹೆಲ್ತ್ ಚೆಕ್ (ಸೇವೆ ಓಡುತ್ತಿದೆಯೇ ಎಂದು ಪದೇ ಪದೇ ಕೇಳುವ ಕರೆ) ಲಾಗು ಪೂರ್ತಿ ನಿಂತಿತು, ಯಶಸ್ವಿ ಕರೆಗಳಲ್ಲಿ 20ಕ್ಕೆ ಒಂದು, ವಿಫಲವಾದವು ಮತ್ತು ಪಾವತಿಗೆ ಸಂಬಂಧಿಸಿದವು ಎಲ್ಲವೂ ಉಳಿದವು. ಪಾವತಿಯ ಲಾಗಿನಲ್ಲಿ ಜಿಪುಣತನ ಮಾಡಬಾರದು. ಹಣ ಕಟ್ಟಾಗಿ ಹಾಲು ಬಾರದ ಗ್ರಾಹಕರಿಗೆ ಉತ್ತರ ಕೊಡಲು ಇರುವ ಆಧಾರ ಅದೊಂದೇ. 900 ಜಿಬಿಗೆ ಇಳಿದು 1,407 ಡಾಲರ್ ಉಳಿಯಿತು.

12 ಟಿಬಿ ಡಿಸ್ಕನ್ನು ಜಿಪಿ2 ಎಂಬ ಬಗೆಯಿಂದ ಜಿಪಿ3 ಎಂಬ ಬಗೆಗೆ ಬದಲಿಸಿದ್ದರಿಂದ ಜಿಬಿಗೆ 0.114ರಿಂದ 0.0912ಕ್ಕೆ ಇಳಿದು 274 ಡಾಲರ್. ಡಿಸ್ಕು ಬಳಕೆಯಲ್ಲಿರುವಾಗಲೇ ಆಗುವ ಕೆಲಸ. ಎಡವುವುದು ಇಷ್ಟರಲ್ಲಿ: 334 ಜಿಬಿ ಮತ್ತು ಮೇಲಿನ ಜಿಪಿ2 ಸೆಕೆಂಡಿಗೆ 250 ಎಂಬಿ ಕೊಡುತ್ತದೆ, ಜಿಪಿ3ಯ ಪೂರ್ವನಿಗದಿ 125. 1,000 ಜಿಬಿ ಮೀರಿದ ಜಿಪಿ2ಗೆ 3,000ಕ್ಕಿಂತ ಹೆಚ್ಚು ಐಒಪಿಎಸ್ (ಸೆಕೆಂಡಿಗೆ ಓದು-ಬರಹಗಳ ಸಂಖ್ಯೆ) ಸಿಗುತ್ತದೆ, ಜಿಪಿ3ಗೆ ಕೇಳಿ ಪಡೆಯಬೇಕು. ಹುಡುಕಾಟದ ಸರ್ವರುಗಳ ಡಿಸ್ಕುಗಳಿಗೆ ಹೆಚ್ಚುವರಿ ಥ್ರೂಪುಟ್ (ಸೆಕೆಂಡಿಗೆ ಸಾಗುವ ಎಂಬಿ) ಕೊಂಡೇ ಬದಲಿಸಲಾಯಿತು.

ಸ್ಟೇಜಿಂಗ್ (ಬಿಡುಗಡೆಗೆ ಮುನ್ನ ಪರೀಕ್ಷಿಸುವ) ಡೇಟಾಬೇಸುಗಳು ವಾರಕ್ಕೆ 168 ಗಂಟೆ ಓಡುತ್ತಿದ್ದವು, ಬೇಕಿದ್ದದ್ದು 60. ಆರ್‌ಡಿಎಸ್ (ಎಡಬ್ಲ್ಯುಎಸ್‌ನ ಡೇಟಾಬೇಸ್ ಸೇವೆ) ನಿಲ್ಲಿಸಿದರೂ 7 ದಿನ ಕಳೆದ ಮೇಲೆ ತಾನೇ ಏಳುತ್ತದೆ ಎಂಬುದು ಗೊತ್ತಿರಬೇಕು. ಒಮ್ಮೆ ನಿಲ್ಲಿಸಿ ಮರೆತರೆ ಎಂಟನೇ ದಿನದಿಂದ ಮತ್ತೆ ಬಿಲ್ಲು. ದಿನಾ ರಾತ್ರಿ 9ಕ್ಕೆ ನಿಲ್ಲಿಸುವ ಷೆಡ್ಯೂಲ್ ಇಟ್ಟಿದ್ದರಿಂದ 560 ಡಾಲರ್ ಉಳಿಯಿತು. ಪರೀಕ್ಷೆಯ ಇಕೆಎಸ್ ಕ್ಲಸ್ಟರ್ ಹಳೆಯ ಆವೃತ್ತಿಯಲ್ಲೇ ಇದ್ದು ವಿಸ್ತೃತ ಬೆಂಬಲಕ್ಕೆ ಜಾರಿತ್ತು. ಗಂಟೆಗೆ 0.10 ಇದ್ದದ್ದು 0.60. ಅಪ್‌ಗ್ರೇಡ್ ಮಾಡಿದ್ದಕ್ಕೆ 365.

ಒಪ್ಪಂದ ಕೊನೆಗೆ

ನವೆಂಬರಿನಲ್ಲೇ ಒಂದು ವರ್ಷದ ಕಂಪ್ಯೂಟ್ ಸೇವಿಂಗ್ಸ್ ಪ್ಲಾನ್ (ಗಂಟೆಗೆ ಇಷ್ಟು ಕಟ್ಟುತ್ತೇವೆಂದು ಒಪ್ಪಿ ರಿಯಾಯಿತಿ ಪಡೆಯುವ ಒಪ್ಪಂದ) ಕೊಳ್ಳುವ ಪ್ರಸ್ತಾಪವಿತ್ತು. ರಿಯಾಯಿತಿ ಕೂಡಲೇ ಕಾಣುತ್ತದೆ, ಕೋಡು ಮುಟ್ಟಬೇಕಿಲ್ಲ, ಹಣಕಾಸು ವಿಭಾಗಕ್ಕೆ ಇದಕ್ಕಿಂತ ಸುಲಭದ ದಾರಿ ಇರಲಿಲ್ಲ. ಆಗ ಕೊಂಡಿದ್ದರೆ 70 ನೋಡಿನ ಲೆಕ್ಕದಲ್ಲಿ ಒಪ್ಪಂದವಾಗಿ, ಆಮೇಲೆ ಉಳಿಸಿದ ನಲವತ್ತು ನೋಡಿಗೂ ವರ್ಷವಿಡೀ ಹಣ ಕಟ್ಟಬೇಕಾಗುತ್ತಿತ್ತು. ಬಳಸಿದರೂ ಬಿಟ್ಟರೂ ಒಪ್ಪಿದ ಮೊತ್ತ ಗಂಟೆ ಗಂಟೆಗೂ ಹೋಗುತ್ತದೆ, ಉಳಿದದ್ದು ಮುಂದಿನ ಗಂಟೆಗೆ ಬರುವುದಿಲ್ಲ.

ಕೊಂಡದ್ದು ಮಾರ್ಚಿನಲ್ಲಿ, ನೋಡುಗಳ ಸಂಖ್ಯೆ ನಾಲ್ಕು ವಾರ ಒಂದೇ ಆಕಾರದಲ್ಲಿ ನಿಂತ ಮೇಲೆ. ದಿನದ ಅತಿ ಕಡಿಮೆ 26, ಅದಕ್ಕಿಂತಲೂ ಕೆಳಗೆ 20 ನೋಡಿನಷ್ಟಕ್ಕೆ ಮಾತ್ರ. ಒಪ್ಪಂದದ ಮೊತ್ತವನ್ನು ಬರೆಯಬೇಕಾದದ್ದು ರಿಯಾಯಿತಿ ದರದಲ್ಲಿ. 20ನ್ನು 0.202ರಿಂದ ಗುಣಿಸಿ 4.04 ಡಾಲರ್ ಎಂದು ತುಂಬಿದರೆ 20ಕ್ಕಿಂತ ಹೆಚ್ಚು ನೋಡಿಗೆ ಒಪ್ಪಿದ ಹಾಗಾಗುತ್ತದೆ. ಆಮೇಲೆ ಗಮನಿಸುವ ಮೆಟ್ರಿಕ್ಕು ಎರಡು: ಒಪ್ಪಂದದ ಎಷ್ಟು ಪಾಲು ಬಳಕೆಯಾಯಿತು, ಒಟ್ಟು ಬಳಕೆಯ ಎಷ್ಟು ಪಾಲು ಒಪ್ಪಂದದಡಿ ಬಂದಿತು. ಮೊದಲನೆಯದು ಶೇ 100ರ ಹತ್ತಿರವೇ ಇರಬೇಕು. ಎರಡನೆಯದನ್ನು 100ಕ್ಕೆ ಒಯ್ಯುವ ಆಸೆ ಬೇಡ.

ಡೇಟಾಬೇಸಿನ ಮುಖ್ಯ ಯಂತ್ರವನ್ನು ಮಾತ್ರ ಮುಟ್ಟಲಿಲ್ಲ. ಸಿಪಿಯು ಶೇ 9 ಎಂದು ತೋರಿಸುತ್ತಿತ್ತು, ಶಿಫಾರಸು ಸಾಧನಗಳು ಅರ್ಧ ಮಾಡಿ ಎನ್ನುತ್ತಿದ್ದವು. ಆದರೆ ಅರ್ಧ ಮಾಡಿದರೆ ಮೆಮೊರಿಯೂ ಅರ್ಧ, ಈಗ ಬಫರಿನಲ್ಲಿ (ಮೆಮೊರಿಯಲ್ಲೇ ಇಟ್ಟ ಪ್ರತಿಯಲ್ಲಿ) ಸಿಗುತ್ತಿರುವ ಓದುಗಳೆಲ್ಲ ಡಿಸ್ಕಿಗೆ ಹೋಗುತ್ತವೆ. ಆ ಶೇ 9ರ ಹಿಂದಿನ ಗುಟ್ಟೇ ತುಂಬಿದ ಮೆಮೊರಿ.

ಸಾಲು ರಜೆಯ ಸುಳ್ಳು ಎಚ್ಚರಿಕೆ

ಒಪ್ಪಂದದ ರಿಯಾಯಿತಿ ಬಿಟ್ಟು ಲೆಕ್ಕ ಹಾಕಿದರೆ ಅದೇ 19.8 ಲಕ್ಷ ಆರ್ಡರಿಗೆ ತಿಂಗಳ ಬಿಲ್ಲು 17,357 ಡಾಲರ್, ಸಾವಿರಕ್ಕೆ 8.77. ಈ ಅಂಕಿ 10 ದಾಟಿದರೆ ಎಚ್ಚರಿಸಲಿ ಎಂದು ಅಲರ್ಟ್ ಇಟ್ಟರು. ಶಿವರಾತ್ರಿ ವಾರಾಂತ್ಯಕ್ಕೆ ಅಂಟಿಕೊಂಡು ಬಂದಾಗ ಅದು ಮೂರು ದಿನ ಕೂಗಿತು. ಯಾವುದೂ ಕೆಟ್ಟಿರಲಿಲ್ಲ. ಸಾಲು ರಜೆ ಬಂದರೆ ಬೆಂಗಳೂರು ಅರ್ಧ ಊರಿಗೆ ಹೋಗಿರುತ್ತದೆ, ದಿನದ ಆರ್ಡರು 40,000ಕ್ಕೆ ಇಳಿದಿತ್ತು. ಡೇಟಾಬೇಸು, ಕನಿಷ್ಠ ಪಾಡುಗಳು, ಸಂಗ್ರಹ ಇವುಗಳ ಖರ್ಚು ಆರ್ಡರಿನ ಜೊತೆ ಇಳಿಯುವುದಿಲ್ಲ.

ಹಾಗಾಗಿ ದಿನದ ಖರ್ಚನ್ನು ಎರಡಾಗಿ ಬಿಡಿಸಲಾಯಿತು. ದಿನದ ಆರ್ಡರು ಒಂದು ಅಕ್ಷದಲ್ಲಿ, ದಿನದ ಖರ್ಚು ಇನ್ನೊಂದರಲ್ಲಿ, 40 ದಿನದ ಚುಕ್ಕೆಗಳ ನಡುವೆ ಒಂದು ನೇರ ಗೆರೆ. ಗೆರೆ ಹೇಳಿದ್ದು: ದಿನಕ್ಕೆ ಸ್ಥಿರವಾಗಿ 311 ಡಾಲರ್, ಅದರ ಮೇಲೆ ಪ್ರತಿ ಸಾವಿರ ಆರ್ಡರಿಗೆ 4.05. 66,000 ಆರ್ಡರಿನ ದಿನ 578 ಡಾಲರ್ ಸಹಜ. 40,000ದ ದಿನ 473 ಸಹಜ, ಸಾವಿರಕ್ಕೆ 11.8 ಬಂದರೂ. ಅಲರ್ಟು ಈಗ ಈ ಗೆರೆಯಿಂದ ಶೇ 12 ಮೇಲೆ ಹೋದಾಗ ಮಾತ್ರ. ಇದರಿಂದ ಇನ್ನೊಂದು ಅನುಕೂಲವೂ ಆಯಿತು: 311 ಏರಿದರೆ ಮೂಲಸೌಕರ್ಯ ತಂಡ ನೋಡಬೇಕು, 4.05 ಏರಿದರೆ ಕೋಡು ಬರೆಯುವ ತಂಡ ನೋಡಬೇಕು. ಯಾರನ್ನು ಕೇಳಬೇಕು ಎಂಬ ವಾದ ಮುಗಿಯಿತು.

ಕೊನೆಯದಾಗಿ ಮಾಡಿದ ಬದಲಾವಣೆ ಅತಿ ಚಿಕ್ಕದು. ಕನಿಷ್ಠ ಪಾಡು ಏರಿಸುವ, ಲಾಗ್ ಮಟ್ಟ ಬದಲಿಸುವ ಯಾವುದೇ ತುರ್ತು ಸೆಟ್ಟಿಂಗಿಗೂ ಮುಗಿಯುವ ದಿನಾಂಕ ಮತ್ತು ವೇಳೆ ಕಡ್ಡಾಯ. ಬರೆಯದಿದ್ದರೆ ಬದಲಾವಣೆಗಳನ್ನು ಸರ್ವರಿಗೆ ಒಯ್ಯುವ ಪೈಪ್‌ಲೈನ್ ಸ್ವೀಕರಿಸುವುದಿಲ್ಲ, ವೇಳೆ ಮುಗಿದರೆ ಹಳೆಯ ಸೆಟ್ಟಿಂಗು ತಾನಾಗಿ ಮರಳುತ್ತದೆ. ಯುಗಾದಿಯ ಹಿಂದಿನ ರಾತ್ರಿ ಇದಕ್ಕೆ ಮೊದಲ ಪರೀಕ್ಷೆ. ಮಾವಿನೆಲೆ, ಬೇವು, ಹೂವು ಸೇರಿ 98,000 ಆರ್ಡರು. ಕನಿಷ್ಠ ಪಾಡು ಮತ್ತೆ 24ಕ್ಕೆ ಏರಿತು, ಮುಗಿಯುವ ವೇಳೆ ಹಬ್ಬದ ಬೆಳಿಗ್ಗೆ 6. ರಾತ್ರಿ 10.54ಕ್ಕೆ 61 ನೋಡು, ಪಿ99 690 ಮಿಲಿಸೆಕೆಂಡು. ಬೆಳಿಗ್ಗೆ 6.20ಕ್ಕೆ 34 ನೋಡು, 9 ಗಂಟೆಗೆ 26.